ತಲೆಕೆಳಗಾದವರಿಗೆ ಶಾಲು

ಸಂಗೀತ ಕೇಳುವಾಗ ನನ್ನ ಮುಖದಲ್ಲಿ ಏನೂ ಕಾಣುವುದಿಲ್ಲವಂತೆ. ಬೇಸಿಗೆಯ ಸಂಜೆ ಮಾದಾಪುರದ ಆಫೀಸಿನಿಂದ ಮನೆಗೆ ಹೊರಟಾಗ ಯಾವುದಾದರೂ ಮಾಲ್‌ನ ಅಂಗಳದಲ್ಲಿ ಬ್ಯಾಂಡ್ ನುಡಿಸುತ್ತಿದ್ದರೆ ನಾನು ಅಲ್ಲೇ ನಿಂತುಬಿಡುತ್ತೇನೆ. ಹಿಪ್ ಹಾಪ್ ಹುಡುಗರು ಸುತ್ತುಗಟ್ಟಿ ಕುಣಿಯುತ್ತಿದ್ದರಂತೂ ಅವರು ಸ್ಪೀಕರ್ ಕಟ್ಟಿಡುವವರೆಗೆ ಕದಲುವುದಿಲ್ಲ. ಒಳಗೆ ಎದೆ ಡ್ರಮ್ಮಿನ ಜೊತೆಗೇ ಹೊಡೆದುಕೊಳ್ಳುತ್ತಿರುತ್ತದೆ. ಹೊರಗೆ ಮಾತ್ರ ಬ್ಯಾಂಕಿನಲ್ಲಿ ಟೋಕನ್ ಹಿಡಿದು ಕೂತವಳ ಹಾಗಿರುತ್ತೇನೆ. ಒಮ್ಮೆ ಪಕ್ಕದಲ್ಲಿದ್ದ ಅಪರಿಚಿತ ಹೆಂಗಸೊಬ್ಬರು ಮೈಯಲ್ಲಿ ಹುಷಾರಿಲ್ಲವೇನಮ್ಮ ಎಂದು ತೆಲುಗಿನಲ್ಲಿ ವಿಚಾರಿಸಿ ನೀರಿನ ಬಾಟಲಿ ಕೊಟ್ಟರು. ಕುಡಿದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ತಂಗಿ ನನ್ನ ಹಾಗಲ್ಲ. ಕಾಲೇಜಿನ ಇನ್ನೂ ಮೂವರು ಹುಡುಗಿಯರ ಜೊತೆ ತಂಡ ಕಟ್ಟಿ ಹಿಪ್ ಹಾಪ್ ಕುಣಿಯುತ್ತಾಳೆ. ಬೇಗಂಪೇಟೆಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಜಾಗದಲ್ಲಿ ಅವರ ಅಭ್ಯಾಸ. ತಲೆಯ ಮೇಲೆ ನಿಂತು ಗಿರಗಿರನೆ ತಿರುಗುವಾಗ ನೆತ್ತಿ ಉರಿಯಬಾರದೆಂದು ಅವಳು ಉಣ್ಣೆಯ ಟೊಪ್ಪಿಗೆ ಹಾಕಿಕೊಳ್ಳುತ್ತಾಳೆ. ನಡು ಬೇಸಿಗೆಯಲ್ಲಿ ಅದನ್ನು ಕಂಡ ಕೆಳಮನೆಯ ಅಜ್ಜಿ, ಪಾಪ, ಎಷ್ಟೋ ದಿನ ಕಷಾಯ ಮಾಡಿ ಕಳಿಸಿದರು.

ಹೋದ ಬೇಸಿಗೆಯಲ್ಲಿ ಈ ತಂಡಕ್ಕೆ ಒಂದು ಕರೆ ಬಂತು. ಊರ ಹೊರಗಿನ ಬಯಲಿನಲ್ಲಿ ಎರಡು ದಿನ ನಡೆಯುವ ಸಂಗೀತ ಉತ್ಸವ. ಅದರ ಸಣ್ಣ ವೇದಿಕೆಯಲ್ಲಿ ಇವರ ಕುಣಿತ. ಅಪ್ಪಾಜಿ ಒಪ್ಪಲಿಲ್ಲ. ಅವರು ಬಾಗಲಕೋಟೆಯ ಕಡೆಯಿಂದ ಬಂದು ಇಲ್ಲಿ ಬಟ್ಟೆ ಅಂಗಡಿ ಇಟ್ಟವರು. ಬಿದ್ದು ಬಿದ್ದು ಏಳುವುದಕ್ಕೆ ಕುಣಿತ ಅನ್ನುತ್ತಾರೇನು ಎಂಬುದು ಅವರ ಪ್ರಶ್ನೆ. ಆದರೆ ಬಿಚ್ಚಿ ನೋಡದೆ ಯಾವ ಸೀರೆಯನ್ನೂ ಹಳಿಯುವವರಲ್ಲ. ಒಮ್ಮೆ ಪೂರ್ತಿ ನೋಡುತ್ತೇನೆ, ಆಮೇಲೆ ಹೇಳುತ್ತೇನೆ ಎಂದರು.

ಇಲ್ಲಿ ನನ್ನದೂ ಒಂದು ಆಸೆ ಇತ್ತು. ಆ ಉತ್ಸವದ ಚಿತ್ರಗಳನ್ನು ನಾನು ವರ್ಷಗಳಿಂದ ಫೋನಿನಲ್ಲಿ ನೋಡುತ್ತ ಬಂದಿದ್ದೆ. ಎರಡು ದಿನ ಅಲ್ಲಿ ಹೋಗಿ ನಿಂತಿರುತ್ತೇನೆ ಎಂದು ಮನೆಯಲ್ಲಿ ಕೇಳುವ ಧೈರ್ಯ ಇರಲಿಲ್ಲ. ತಂಗಿ ಹೋಗುವುದಾದರೆ ಅವಳ ಜೊತೆಗೆ ಮನೆಯ ಒಬ್ಬರು ಹೋಗಲೇಬೇಕು, ಆ ಒಬ್ಬರು ನಾನೇ. ಇದನ್ನು ಯಾರಿಗೂ ಹೇಳಲಿಲ್ಲ, ತಂಗಿಗೂ.

ಅಪ್ಪಾಜಿಗೆ ಕುಣಿತ ತೋರಿಸುವ ಜಾಗ ಒಂದೇ ಇತ್ತು. ನಮ್ಮ ಮಾಮಾ, ಅಂದರೆ ಅವ್ವನ ಅಣ್ಣ, ಕೇಂದ್ರ ಸರ್ಕಾರದ ಕಾರ್ಖಾನೆಯೊಂದರಲ್ಲಿ ನೌಕರಿ ಮಾಡುತ್ತ ಸನತ್‌ನಗರದ ಕನ್ನಡಿಗರನ್ನು ಸೇರಿಸಿ ಪ್ರತಿ ಬೇಸಿಗೆ ಒಂದು ಸಂಗೀತ ಸಂಜೆ ಮಾಡುತ್ತಾರೆ. ವಚನ ಗಾಯನ, ಕೊಳಲು, ಮಕ್ಕಳ ಹಾಡು, ಊಟ. ತಂಗಿ ಗೋಗರೆದ ಮೇಲೆ ಕೊಳಲಿಗೂ ಊಟಕ್ಕೂ ನಡುವೆ ಅವಳ ತಂಡಕ್ಕೆ ಜಾಗ ಕೊಟ್ಟರು. ನಿರೂಪಣೆ ನಾನು ಮಾಡಬೇಕೆಂಬುದು ಷರತ್ತು. ತೆಲುಗು ಬೆರೆಸದೆ ಒಂದು ವಾಕ್ಯ ಮುಗಿಸುವವರು ಮನೆತನದಲ್ಲಿ ನಾನೊಬ್ಬಳೇ ಉಳಿದಿದ್ದೇನಂತೆ.

ಮಾಮಾನ ದೌರ್ಬಲ್ಯವೆಂದರೆ ಸನ್ಮಾನ. ಅವರ ವೇದಿಕೆ ಹತ್ತಿದವರು ಶಾಲು, ಹಾರ, ಪೇಟ ಇಲ್ಲದೆ ಇಳಿಯುವಂತಿಲ್ಲ. ಹಿಂದೊಮ್ಮೆ ಬಲ್ಬು ಸರಿಮಾಡಲು ಹತ್ತಿದ ಎಲೆಕ್ಟ್ರಿಷಿಯನ್‌ಗೂ ಹೊದಿಸಿ ಕಳಿಸಿದ್ದರು.

ಆ ಸಂಜೆ ಕಾಲೊನಿಯ ಮೈದಾನದಲ್ಲಿ ಬಾಡಿಗೆ ಕೂಲರ್‌ಗಳು ಬಿಸಿಗಾಳಿಯನ್ನೇ ಒದ್ದೆ ಮಾಡಿ ಬೀಸುತ್ತಿದ್ದವು. ಅಪ್ಪಾಜಿ ಮೊದಲ ಸಾಲಿನಲ್ಲಿ ಕೂತಿದ್ದರು. ಹುಡುಗಿಯರು ವೇದಿಕೆಗೆ ಬಂದರು, ಹಾಡು ಶುರುವಾಯಿತು. ಆಗಲೇ ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡು ಎದ್ದರು. ಮಾಮಾನ ಕಾರ್ಖಾನೆಯ ನಿವೃತ್ತ ಅಧಿಕಾರಿ ಅವರು, ರೈಲು ಹಿಡಿಯಬೇಕಿತ್ತು. ಎಲ್ಲ ಸನ್ಮಾನ ಅವರ ಕೈಯಿಂದಲೇ ಆಗಬೇಕು. ಮಾಮಾ ಬೆವರುತ್ತ ನನ್ನ ಹತ್ತಿರ ಓಡಿಬಂದರು.

“ಹಾಡು ನಿಲ್ಲಿಸವ್ವಾ. ಸಾಹೇಬ್ರು ಹೊಂಟಾರ. ಮೊದಲ ಸನ್ಮಾನ ಆಗಿಬಿಡ್ಲಿ, ಆಮ್ಯಾಲೆ ಕುಣೀಲಿ.”

ಸನ್ಮಾನ ಆಯಿತೆಂದರೆ ಜನ ಊಟಕ್ಕೆ ಏಳುತ್ತಾರೆ, ಅಪ್ಪಾಜಿಯೂ ಏಳುತ್ತಾರೆ, ಪೂರ್ತಿ ನೋಡುವುದು ಅಲ್ಲಿಗೆ ಮುಗಿಯುತ್ತದೆ. ಸೌಂಡಿನವರು ಬಂದ್ ಮಾಡಲೇ ಎಂದು ಕೈಸನ್ನೆ ಮಾಡಿದರು. “ನಕ್ಕೋ” ಎಂದು ಬೇಡವೆಂಬಂತೆ ಕೈಯಾಡಿಸಿದೆ. ಆಮೇಲೆ ಮಾಮಾನ ಕಡೆ ತಿರುಗಿದೆ.

“ಈಗ ನಿಲ್ಲಿಸಿದ್ರ ಮತ್ತ ಮೊದಲಿಂದ ಕುಣೀಬೇಕಾಕ್ಕತಿ, ಮಾಮಾ. ಕುಣಿಸ್ಲೇನು?”

ಮಾಮಾ ಅತಿಥಿಗಳನ್ನು ನೋಡಿದರು, ಹಬೆಯಾಡುತ್ತಿದ್ದ ಊಟದ ಪಾತ್ರೆಗಳನ್ನು ನೋಡಿದರು.

“ಬ್ಯಾಡ ಬ್ಯಾಡ. ಅವರು ಕುಣೀತಿರ್ಲಿ. ನಾವು ಹೊದಿಸ್ಕೋತ ಹೊಕ್ಕೀವಿ.”

ಹೀಗೆ, ಕುಣಿತ ನಡೆದಿರುವಾಗಲೇ, ಸಾಹೇಬರು ಶಾಲು ಬಿಚ್ಚಿ ಹಿಡಿದು ವೇದಿಕೆ ಹತ್ತಿದರು. ಹಿಂದೆ ತಟ್ಟೆ ಹಿಡಿದ ಮಾಮಾ. ಮೊದಲ ಮೂವರದು ಬೇಗ ಆಯಿತು. ಒಬ್ಬಳು ಯಂತ್ರದಂತೆ ತೋಳು ಮುರಿದು ಮುರಿದು ಆಡಿಸುತ್ತಲೇ ಶಾಲು ಹೊದ್ದುಕೊಂಡಳು, ಇನ್ನೊಬ್ಬಳು ಹಾರಕ್ಕೆ ಕುತ್ತಿಗೆಯನ್ನು ತಾಳಕ್ಕೆ ಸರಿಯಾಗಿ ಚಾಚಿದಳು, ಮತ್ತೊಬ್ಬಳು ಪೇಟ ಹಾಕಿಸಿಕೊಂಡೇ ಹಿಂದಕ್ಕೆ ಜಾರುತ್ತ ಹೋದಳು. ಉಳಿದವಳು ತಂಗಿ. ಸಾಹೇಬರು ತಲುಪುವ ಹೊತ್ತಿಗೆ ಅವಳು ನೆಲಕ್ಕೆ ಕೈ ಊರಿ ಕಾಲುಗಳನ್ನು ಸುತ್ತ ಬೀಸುತ್ತಿದ್ದಳು. ಸಾಹೇಬರು, ಫ್ಯಾನು ನಿಲ್ಲಲಿ ಎಂದು ಕಾಯುವವರ ಹಾಗೆ, ಒಂದು ಹೆಜ್ಜೆ ಹಿಂದೆ ಸರಿದರು. ಅವಳು ಎಡಕ್ಕೆ ಹೋದರೆ ಅವರೂ ಎಡಕ್ಕೆ, ಬಲಕ್ಕೆ ಹೋದರೆ ಬಲಕ್ಕೆ. ಜನ ತಾಳ ಹಾಕತೊಡಗಿದರು. ಸಾಹೇಬರಿಗೆ ಏನನ್ನಿಸಿತೋ, ಮೊಣಕಾಲು ಬಗ್ಗಿಸಿ, ಬಾ ನೋಡೋಣ ಎಂಬಂತೆ ಶಾಲನ್ನು ಝಾಡಿಸಿದರು.

ತಂಗಿ ತಲೆಯ ಮೇಲೆ ನಿಂತಳು.

ಸಾಹೇಬರು ಹೆಗಲು ಹುಡುಕಿದರು. ಅದು ನೆಲದ ಹತ್ತಿರ ಇತ್ತು.

“ಕಾಲಿಗೆ ಹೊದಿಸ್ರಿ ಸಾಹೇಬ್ರ, ಕಾಲಿಗೆ” ಎಂದು ಮಾಮಾ ಪಿಸುಗುಟ್ಟಿದ್ದು ಮೈಕಿನಲ್ಲಿ ಇಡೀ ಮೈದಾನಕ್ಕೆ ಕೇಳಿಸಿತು.

ಸಾಹೇಬರು ಕಾಲಿಗೇ ಹೊದಿಸಿದರು, ಪಾದಕ್ಕೆ ಹಾರ ಹಾಕಿದರು. ಅವಳು ತಿರುಗಿದ ರಭಸಕ್ಕೆ ಶಾಲು ಕೊಡೆಯಂತೆ ಬಿಚ್ಚಿಕೊಂಡು ಚೆಂಡುಹೂವಿನ ಎಸಳು ಮೊದಲ ಸಾಲಿನ ಮೇಲೆಲ್ಲ ಹಾರಿತು. ಒಂದು ಅಪ್ಪಾಜಿಯ ಕನ್ನಡಕಕ್ಕೆ ಅಂಟಿತು. ಅವರು ಒರೆಸಿಕೊಳ್ಳಲಿಲ್ಲ. ಸನ್ಮಾನಿತರನ್ನು ಪರಿಚಯಿಸುವುದು ನನ್ನ ಕೆಲಸವಾದ್ದರಿಂದ, “ದಯವಿಟ್ಟು ಸ್ವಲ್ಪ ತಡೆಯಿರಿ, ಮುಖ ಈಗ ಬರುತ್ತದೆ” ಎಂದೆ. ಜನ ಯಾಕೆ ಅಷ್ಟು ನಕ್ಕರೋ ಆಗ ನನಗೆ ಹೊಳೆಯಲಿಲ್ಲ. ಸಾಹೇಬರು ರೈಲಿನ ಮಾತೆತ್ತದೆ ಹಾಡು ಮುಗಿಯುವವರೆಗೆ ವೇದಿಕೆಯಲ್ಲೇ ಇದ್ದರು. ಮರುದಿನ ಬಸ್ಸಿಗೆ ಹೋದರಂತೆ.

ಊಟದ ಹೊತ್ತಿಗೆ ನಾವಿಬ್ಬರೂ ತಾಟು ಹಿಡಿದು ಅಪ್ಪಾಜಿಯ ಮುಂದೆ ನಿಂತೆವು. ಅವರು ಹುಗ್ಗಿ ಮುಗಿಸಿ ಬಾಯಿ ಒರೆಸಿಕೊಂಡು ತಂಗಿಯನ್ನು ಕೇಳಿದರು.

“ಅಷ್ಟು ದೊಡ್ಡವರು ಶಾಲು ಹಿಡಕೊಂಡು ಬಂದ್ರು. ನೀ ಯಾಕ ನಿಂದರಲಿಲ್ಲ?”

“ಹಾಡು ಇನ್ನಾ ಮುಗಿದಿರ್ಲಿಲ್ಲರಿ, ಅಪ್ಪಾಜಿ.”

ಅವರು ಕನ್ನಡಕ ಮೇಲೇರಿಸಿ ಅವಳನ್ನು ದಿಟ್ಟಿಸಿ ನೋಡಿದರು. ಅಂಗಡಿಯಲ್ಲಿ ಸೀರೆಯನ್ನು ಬೆಳಕಿಗೆ ಹಿಡಿದಾಗಲೂ ಅವರ ಮುಖ ಹೀಗೇ ಇರುತ್ತದೆ.

“ಹಂಗಾರ ಅದು ಬೀಳೂದಲ್ಲ” ಎಂದರು. “ಬಿದ್ದಾಂವ ಆಗಿದ್ರ, ಶಾಲು ಬಂತಂದ್ರ ಎದ್ದು ನಿಂದರತಿದ್ದ. ಹೋಗು. ಅಕ್ಕನ್ನ ಜೋಡಿ ಕರಕೊಂಡು ಹೋಗು.”

ಆಮೇಲೆ ನನ್ನನ್ನು ನೋಡಿ ದನಿ ತಗ್ಗಿಸಿದರು. “ಎರಡು ದಿನ ಆ ಗದ್ದಲದಾಗ ನಿನಗ ಭಾಳ ತ್ರಾಸ ಆಕ್ಕತಿ, ಗೊತ್ತೈತಿ. ತಂಗಿ ಸಲುವಾಗಿ ತಡಕೋವಾ.”

“ಆಗ್ಲಿರಿ, ಅಪ್ಪಾಜಿ” ಎಂದು ಒಂದು ನಿಟ್ಟುಸಿರು ಬಿಟ್ಟೆ. ಅದು ಎಷ್ಟು ಚೆನ್ನಾಗಿ ಬಂತೆಂದರೆ, ಅವರು ಮರುಕದಿಂದ ತಮ್ಮ ತಾಟಿನ ಮಿರ್ಚಿ ಭಜಿಯನ್ನು ಎತ್ತಿ ನನ್ನ ತಾಟಿಗೆ ಹಾಕಿದರು.