ಅತ್ತೆ ಕುದುರಿಸಿಕೊಟ್ಟ ಮನೆ

ನಮ್ಮತ್ತೆಯ ಎಡತೋಳಿನಲ್ಲಿ ವಂಕಿಯ ಗುರುತಿತ್ತು, ವಂಕಿ ಇರಲಿಲ್ಲ. ಬಿಗಿಯಾದ ಒಡವೆ ವರ್ಷಗಟ್ಟಲೆ ಕೂತು ಎದ್ದುಹೋದ ಜಾಗ ಮೈಬಣ್ಣಕ್ಕಿಂತ ಬೆಳ್ಳಗೆ ಉಳಿದಿತ್ತು. "ವಂಕಿ ಎಲ್ಲಿ?" ಎಂದು ಯಾರಾದರೂ ಕೇಳಿದರೆ "ಬಾವಿಗೆ ಬಿತ್ತು ಬಿಡ್ರಿ" ಎಂದು ಮಾತು ಮುಗಿಸುತ್ತಿದ್ದರು. ಕೇಳಿದವರು ಅಯ್ಯೋ ಪಾಪ ಎನ್ನುತ್ತಿದ್ದರು. ನಾನು ನಗು ತಡೆಯಲಾರದೆ ಒಳಗೆ ಹೋಗುತ್ತಿದ್ದೆ.

ಅವರು ನನ್ನ ಸೋದರತ್ತೆ, ಭರಮಸಾಗರದವರು. ಮಗಳನ್ನು ನನಗೆ ಕೊಟ್ಟ ದಿನದಿಂದ ಬಾಯಿ ತುಂಬ 'ಅಳಿಯಂದ್ರೇ' ಎನ್ನತೊಡಗಿದರು. ಸಿಟ್ಟು ಬಂದಾಗಲೂ ಖುಷಿಯಾದಾಗಲೂ ಮಾತ್ರ ಹಳೆಯ 'ಲೇ' ವಾಪಸಾಗುತ್ತಿತ್ತು.

ಆಗ ನಾನು ದುರ್ಗದ ಅಮಲ್ದಾರ್ ಕಚೇರಿಯಲ್ಲಿ ಗುಮಾಸ್ತ. ನಾವಿದ್ದ ಬಾಡಿಗೆ ಮನೆಯ ಬಾವಿಯಲ್ಲಿ ಬರೀ ಉಪ್ಪುನೀರು. ಬೇಳೆ ಕೂಡ ಬೇಯುತ್ತಿರಲಿಲ್ಲ. ಬಸುರಿ ಹೆಂಡತಿ ಹೊಂಡದಿಂದ ಕೊಡ ಹೊತ್ತು ತರುತ್ತಿದ್ದಳು. ಒಂದು ದಿನ ಮೆಟ್ಟಿಲಲ್ಲಿ ಜಾರಿ ಬಿದ್ದಳು. ದೇವರ ದಯೆ, ಏನೂ ಆಗಲಿಲ್ಲ. ಸುದ್ದಿ ಕೇಳಿ ಗಾಡಿ ಕಟ್ಟಿಸಿಕೊಂಡು ಬಂದ ಅತ್ತೆ, ಹೆರಿಗೆಗೆ ಮೊದಲು ಸಿಹಿನೀರಿನ ಬಾವಿಯಿರುವ ಮನೆ ಕೊಳ್ಳಲೇಬೇಕೆಂದು ಪಟ್ಟು ಹಿಡಿದರು.

ಅಂಥದ್ದೊಂದು ಮನೆ ಮಾರಾಟಕ್ಕಿತ್ತು. ನಾನು ಅವತ್ತೇ ಹೋಗಿ ಮಾತಾಡಿಬಿಡಲು ಹೊರಟೆ. ಅತ್ತೆ ನನ್ನ ಪೇಟ ಕಿತ್ತುಕೊಂಡು ಗೂಟಕ್ಕೆ ಹಾಕಿದರು.

"ಎತ್ತು ತರಾಕೆ ಹೋದ್ರೂ ಹಲ್ಲು ನೋಡ್ತಾರೆ. ಮನೆಗೆ ಹಲ್ಲಿಲ್ವೇನ್ರಿ?"

ಹಲ್ಲು ನೋಡುವ ಕೆಲಸ ಶುರುವಾಯಿತು. ಅತ್ತೆ ಪಕ್ಕದ ಮನೆಯವರ ಜಗುಲಿಯಲ್ಲಿ ಕೂತು ಅವರ ಅವರೆಕಾಯಿ ಸುಲಿದುಕೊಟ್ಟರು. ಮನೆಯ ಯಜಮಾನರಿಗೆ ದಾವಣಗೆರೆಯ ಮಗನ ಹತ್ತಿರ ಹೋಗುವ ಆತುರ, ರುಜು ಹಾಕಬೇಕಾದ ತಮ್ಮನೊಬ್ಬ ಹೊಳಲ್ಕೆರೆಯಲ್ಲಿದ್ದಾನೆ ಎಂಬುದೆಲ್ಲ ಅವರೆಕಾಳಿನ ಜೊತೆಗೇ ಹೊರಬಂತು. ಮಳೆ ಬಂದ ದಿನ ನನ್ನ ಛತ್ರಿ ಕಿತ್ತುಕೊಂಡು, ಆ ಮನೆಯ ಪಡಸಾಲೆಯಲ್ಲಿ ನಿಂತು ಬರಲು ಅಟ್ಟಿದರು. ಸೋರುವ ಜಾಗವನ್ನೂ ಒಂದು ನೆಗಡಿಯನ್ನೂ ಹಿಡಿದುಕೊಂಡು ಬಂದೆ. ಬಾವಿ ಹಿತ್ತಲಿನಲ್ಲಿದ್ದದ್ದರಿಂದ ಅದೊಂದನ್ನು ನೋಡುವುದು ಉಳಿಯಿತು.

ಇನ್ನು ನನ್ನ ಮುಖ. ಮನಸ್ಸಿನಲ್ಲಿದ್ದದ್ದೆಲ್ಲ ಅಲ್ಲೇ ಕಾಣುತ್ತಿತ್ತು. ಅದಕ್ಕೆ ತಾಲೀಮು. ಮಗಳ ಕೈಯಲ್ಲಿ ಹೋಳಿಗೆ ಮಾಡಿಸಿ, ಮೇಲೆ ತುಪ್ಪ ಸುರಿದು, ಅತ್ತೆ ಮನೆ ಮಾರುವವರ ಗತ್ತಿನಲ್ಲಿ ಎದುರು ಕೂರುತ್ತಿದ್ದರು.

"ಹೆಂಗೈತೆ?"

"ಭಾಳ ಚೆನ್ನಾಗೈತೆ ಅತ್ತೆ."

"ಹೋತು! ಮನೆ ಕೈ ಬಿಟ್ಟು ಹೋತು! ಅಮೃತಾನೇ ಆಗ್ಲಿ, ಸುಮಾರೈತೆ ಅನ್ಬೇಕು. ಮೂಗು ಮುರೀರಿ. ಇನ್ನಷ್ಟು ಮುರೀರಿ."

ಕೊನೆಗೊಂದು ದಿನ ಚೆನ್ನಾಗಿ ಮೂಗು ಮುರಿದು "ಸುಮಾರೈತೆ" ಎಂದೆ. ಅತ್ತೆ ಹಿಗ್ಗಿದರು. ಹೂರಣ ರುಬ್ಬಿ ಬೆವತಿದ್ದ ಹೆಂಡತಿ ತಟ್ಟೆಯನ್ನೇ ಎತ್ತಿಕೊಂಡು ಹೋದಳು.

ವ್ಯಾಪಾರದ ದಿನ ಬಂದಾಗ ಅತ್ತೆಗೆ ನನ್ನ ಮೂಗಿನ ಮೇಲೂ ನಂಬಿಕೆ ಹೋಗಿತ್ತು. ಬಾಯಿ ತುಂಬ ಎಲೆಅಡಿಕೆ ತುರುಕಿದರು. "ಐನೂರಕ್ಕೆ ಇಳಿಯೋ ತನಕ ಉಗೀಬ್ಯಾಡ್ರಿ. ಅದರ ಮ್ಯಾಲೆ ನಮ್ಮತ್ರ ಇಲ್ಲ."

ಯಜಮಾನರು ಆರುನೂರು ಎಂದರು. ನಾನು ಅಗಿದೆ. ತೊಲೆಗಳನ್ನು ಹೊಗಳಿದರು. ನಾನು ಸೋರುವ ಮೂಲೆಯನ್ನೇ ನೋಡುತ್ತ ಅಗಿದೆ. ಅವರು ಕೆಮ್ಮಿ, "ಸೋರೋದು ಒಂಚೂರು ಐತೆ. ಐನೂರೈವತ್ತು ಮಾಡ್ಕಳ್ರಿ" ಎಂದರು. ಅಷ್ಟರಲ್ಲಿ ರಸ ಗಂಟಲಿಗೆ ಬಂದು ಉಸಿರು ಕಟ್ಟಿತು. ಉಗಿಯದೆ ಗತಿಯಿಲ್ಲವೆಂದು ಬಾಗಿಲ ಕಡೆ ಓಡಿದೆ. ನಾನು ಮುನಿದು ಹೊರಟೆನೆಂದುಕೊಂಡ ಯಜಮಾನರು ಹಿಂದೆಯೇ ಬಂದರು. "ಬರ್ರಿ, ಕುಂತ್ಕಳ್ರಿ! ಐನೂರೇ ಕೊಡ್ರಿ!"

ಅದೇ ಹೊತ್ತಿಗೆ ಬಾವಿ ನೋಡಲು ಹಿತ್ತಲಿಗೆ ಹೋಗಿದ್ದ ಅತ್ತೆಯ ಕೂಗು ಕೇಳಿಸಿತು.

"ಲೇ, ಬಾರೋ ಇಲ್ಲಿ! ಎಳನೀರು ಇದ್ದಂಗೈತೆ ಕಣೋ! ನನ್ನ ಮಗಳು ಇನ್ನು ಹೊಂಡಕ್ಕೆ ಹೋಗಂಗಿಲ್ಲ!"

ಯಜಮಾನರ ಮುಖ ಅರಳಿತು. "ನೋಡ್ರಿ, ನಾನು ನೀರಿನ ವಿಚಾರಾನೇ ಮರ್ತಿದ್ದೆ. ಐನೂರೈವತ್ತೇ ಇರ್ಲಿ."

ಒಳಗೆ ಬಂದ ಅತ್ತೆ ಅದನ್ನು ಕೇಳಿಸಿಕೊಂಡರು. ಮೂಗು ಮುರಿಯಲು ನೋಡಿದರು. ಆಗಲಿಲ್ಲ, ನಗು ಇನ್ನೂ ಮುಖದ ಮೇಲೇ ಇತ್ತು. ಆಮೇಲೆ ತೋಳಿಗೆ ಬಾವಿಯ ನೀರು ಹಚ್ಚಿಕೊಂಡು, ತಿರುಗಿಸಿ ತಿರುಗಿಸಿ ವಂಕಿ ಬಿಚ್ಚಿ ಯಜಮಾನರ ಮುಂದಿಟ್ಟರು. ನಾನು ಬೇಡವೆಂದೆ.

"ಬಾಯಿ ನಂದು, ದಂಡಾನೂ ನಂದೇ. ನೀವು ಸುಮ್ನಿರ್ರಿ ಅಳಿಯಂದ್ರೇ."

ಹೊಸ ವಂಕಿ ಮಾಡಿಸುತ್ತೇನೆಂದಾಗಲೆಲ್ಲ ಬೈಸಿಕೊಂಡೆ. ಆ ಬಾವಿಯ ನೀರು ಕುಡಿದೇ ನನ್ನ ಮಕ್ಕಳು ಬೆಳೆದರು. ಇವತ್ತಿಗೂ ಒಂದು ಕೊಡ ಸೇದಿದರೆ ಅತ್ತೆಯ ಋಣ ನೆನಪಾಗಿ ಎದೆ ತುಂಬಿ ಬರುತ್ತದೆ.

ಅವರು ಕಣ್ಣು ಮುಚ್ಚಿದ್ದು ಅದೇ ಮನೆಯಲ್ಲಿ. ಹೋಗುವ ದಿನ ಬೆಳಿಗ್ಗೆ ನೀರು ಕೇಳಿದರು. ಸೇದಿ ತಂದು, ತಲೆಯೆತ್ತಿ ಹಿಡಿದು ಎರಡು ಗುಟುಕು ಕುಡಿಸಿ, "ಹೆಂಗೈತೆ ಅತ್ತೆ?" ಎಂದೆ. ಅವರು ತುಟಿ ಚಪ್ಪರಿಸಿ ನನ್ನನ್ನೇ ನೋಡಿದರು. ಆಮೇಲೆ ಉಳಿದಿದ್ದ ಶಕ್ತಿಯನ್ನೆಲ್ಲ ಕೂಡಿಸಿ ಮೂಗು ಮುರಿದರು.

"ಸುಮಾರೈತೆ ಕಣ್ಲೇ" ಎಂದರು.