ಅಮ್ಮನ ಹೆಸರು ಕೆತ್ತಿದ ಗಿಂಡಿ

ಇಂಗ್ಲೆಂಡಿನ ಪಾರ್ಕಿನ ಮಣ್ಣಿನೊಳಗೆ ನಮ್ಮಮ್ಮನ ಹೆಸರು ಸಿಕ್ಕಿತು ಎಂದರೆ ಯಾರು ನಂಬುತ್ತಾರೆ? ನಾನೇ ನಂಬಲಿಲ್ಲ. ಮಂಡಿಯೂರಿ ಕೂತು, ಹೆಬ್ಬೆರಳಿಗೆ ಉಗುಳು ಹಚ್ಚಿ ಒರೆಸಿ, ಮೂರು ಸಲ ಓದಿದೆ.

ಇಲ್ಲಿ ಜಿ.ಪಿ. ಅನ್ನುವ ಊರ ಡಾಕ್ಟರ ಕೆಲಸದಿಂದ ನಿವೃತ್ತಳಾದಾಗ ಮಕ್ಕಳು ಮೆಟಲ್ ಡಿಟೆಕ್ಟರ್ ಕೊಡಿಸಿದ್ದರು. ಸುಮ್ಮನೆ ಕೂತರೆ ಎಲ್ಲರ ತಲೆ ತಿನ್ನುತ್ತೇನೆ ಅನ್ನುವ ಭಯ ಅವರಿಗೆ. ಸ್ಟಾಕ್‌ಪೋರ್ಟಿನ ನಮ್ಮ ಮನೆ ಹತ್ತಿರದ ಪಾರ್ಕಿನಲ್ಲಿ ಕೌನ್ಸಿಲ್‌ನ ಅನುಮತಿ ಪತ್ರ ಇಟ್ಟುಕೊಂಡೇ ಹಳೇ ನಾಣ್ಯ ಹುಡುಕುತ್ತಿದ್ದೆ. ಸಿಕ್ಕಿದ್ದು ಬಾಟಲಿ ಮುಚ್ಚಳ, ಮೊಳೆ, ಸವೆದು ಹೋದ ಒಂದೆರಡು ಪೆನ್ನಿ. ಆ ಬೆಳಿಗ್ಗೆ ಬೆಂಚಿನ ಹಿಂದಿನ ಮರದ ಬುಡದಲ್ಲಿ ಯಂತ್ರ ಕಿವಿ ಕಿತ್ತುಹೋಗುವಂತೆ ಕೂಗಿತು. ಅಗೆದರೆ ಹಸಿರುಗಟ್ಟಿದ ತಾಮ್ರದ ಗಿಂಡಿ. ಬಾಯಿಗೆ ಬಟ್ಟೆ ಕಟ್ಟಿತ್ತು, ಮೈಮೇಲೆ ನಮ್ಮಮ್ಮನ ಹೆಸರು.

ಮದುವೆಮನೆಗಳಲ್ಲಿ ಪಾತ್ರೆ ಕಳೆದುಕೊಂಡು ಕಳೆದುಕೊಂಡು ಅಮ್ಮ ಚಮಚವನ್ನೂ ಬಿಡದೆ ಹೆಸರು ಕೊರೆಸಿದ್ದಳು. ಈ ಗಿಂಡಿಯನ್ನು ನಾನು ನಾಲ್ಕು ವರ್ಷದ ಹಿಂದೆ ನನ್ನ ಗೆಳತಿಗೆ ಕೊಟ್ಟಿದ್ದೆ. ಪಕ್ಕದ ರಸ್ತೆಯವಳು, ಮೈಸೂರಿನವಳು, ಇಪ್ಪತ್ತಾರು ವರ್ಷದ ಸ್ನೇಹ. ಅವಳ ತಾಯಿ ಇಲ್ಲೇ ತೀರಿಕೊಂಡಾಗ ಅಸ್ಥಿ ತುಂಬಿಕೊಂಡು ಹೋಗಲು ಕೊಟ್ಟದ್ದು. ಊರಿಗೆ ಹೋಗಿ ಬಂದವಳು, ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಬಿಟ್ಟೆ, ಗಿಂಡಿ ಕೈಜಾರಿ ನೀರುಪಾಲಾಯಿತು ಎಂದಿದ್ದಳು. ಮಗಳೆಂದರೆ ಹೀಗಿರಬೇಕು ಎಂದು ಕನ್ನಡದವರ ಕೂಟಗಳಲ್ಲೆಲ್ಲ ನಾನೇ ಹೊಗಳಿಕೊಂಡು ತಿರುಗಿದ್ದೆ.

ಹಾಗಾದರೆ ಇದರೊಳಗೆ? ಅಯ್ಯೋ ದೇವರೇ! ಉಗುಳು ಹಚ್ಚಿದ ಬೆರಳನ್ನು ಕೋಟಿನ ಅಂಚಿಗೆ ಉಜ್ಜಿದೆ, ಉಜ್ಜಿದೆ. ಸಾವಿರ ಸಾವು ಕಂಡ ಡಾಕ್ಟರು ನಾನು. ಆದರೂ ಬಾಯಿಗೆ ಕಟ್ಟಿದ ಬಟ್ಟೆ ಬಿಚ್ಚಲಿಲ್ಲ. ಅವಳಿಗೆ ಫೋನ್ ಮಾಡಿ, "ಗಿಂಡಿ ಸಿಕ್ತು. ಪಾರ್ಕಲ್ಲಿದ್ದೀನಿ, ಬಾ," ಎಂದೆ.

ಚಪ್ಪಲಿಯಲ್ಲೇ ಓಡಿಬಂದಳು. ಗಿಂಡಿ ನೋಡಿ ಬೆಂಚಿನ ಮೇಲೆ ಕುಸಿದಳು.

"ಏನೇ ಇದು? ಕಾವೇರಿ ಅಂದೆ, ಪುರೋಹಿತರು ಅಂದೆ. ಎಲ್ಲಾ ಸುಳ್ಳಾ?" ಎಂದು ಕಿರುಚಿದೆ. ನಾಯಿ ಹಿಡಿದು ಹೋಗುತ್ತಿದ್ದವರು ತಿರುಗಿ ನೋಡಿದರು.

"ಅಮ್ಮ ಇದೇ ಬೆಂಚಲ್ಲಿ ಕೂತು ಹೇಳಿದ್ಲು ಕಣೇ. 'ಮೊಮ್ಮಕ್ಕಳು ಆಡೋದು ಇಲ್ಲಿ. ನನ್ನನ್ನ ಊರಿಗೆ ಹೊತ್ಕೊಂಡು ಹೋಗ್ಬೇಡ, ಇಲ್ಲೇ ಇಟ್ಬಿಡು' ಅಂತ. ಅವಳ ಮಾತು ಮೀರಕ್ಕಾಗ್ಲಿಲ್ಲ."

"ಅದನ್ನ ನನಗೆ ಹೇಳೋಕೆ ಏನಾಗಿತ್ತು ನಿಂಗೆ?"

"ನಿಂಗಾ?" ಅವಳು ಮೊದಲ ಸಲ ತಲೆಯೆತ್ತಿ ನೋಡಿದಳು. "ಹೇಳೋಕೆ ಅಂತಲೇ ಬಾಯಿ ತೆಗೆದಿದ್ದೆ. ನಮ್ಮ ಅಡುಗೆಮನೇಲಿ ಟೀ ಕುಡೀತಾ ನೀನು ಏನಂದೆ ನೆನಪಿದ್ಯಾ? 'ಕಾವೇರಿಗೆ ಬಿಡದೇ ಹೋದ್ರೆ ನೀನು ಅವಳ ಮಗಳೇ ಅಲ್ಲ' ಅಂದೆ. ಅಮ್ಮ ಹೋಗಿ ಮೂರು ದಿನ ಆಗಿತ್ತು ಅಷ್ಟೆ."

ನೆನಪಿತ್ತು. ಟೀಗೆ ಸಕ್ಕರೆ ಕಡಿಮೆ ಎಂದು ಅದೇ ಉಸಿರಿನಲ್ಲಿ ಹೇಳಿದ್ದೂ ನೆನಪಿತ್ತು. ನನ್ನ ಬಾಯಿಗೆ ಬೆಂಕಿ ಹಾಕ! ಎಷ್ಟು ಸಲೀಸಾಗಿ ಅಂದುಬಿಟ್ಟಿದ್ದೆ. ಗಿಂಡಿಯನ್ನು ಅವಳ ಮಡಿಲಲ್ಲಿಟ್ಟೆ.

ಅವಳು ಗಿಂಡಿಯ ಮಣ್ಣನ್ನು ದುಪಟ್ಟಾದ ಅಂಚಿನಿಂದ ಒರೆಸಿ, ನಾನು ಅಗೆದ ಗುಂಡಿಯನ್ನು ನೋಡಿದಳು. ಆಮೇಲೆ ತೀರ ಸಣ್ಣ ದನಿಯಲ್ಲಿ ಕೇಳಿದಳು: "ಎಲ್ಲರಿಗೂ ಹೇಳ್ಬಿಡ್ತೀಯಾ?"

ಗಿಂಡಿ ಕಂಡಾಗ ಆದ ಆಘಾತ ಇದರ ಮುಂದೆ ಏನೂ ಅಲ್ಲ. ನನ್ನ ಪ್ರಾಣಸ್ನೇಹಿತೆ ಎಂದುಕೊಂಡಿದ್ದವಳು ಇಷ್ಟು ವರ್ಷ ನನಗೆ ಹೆದರಿಕೊಂಡು ಬದುಕಿದ್ದಳು.

"ಇಲ್ಲ ಕಣೇ," ಎಂದೆ. ಅವಳು ನಂಬಿದಂತೆ ಕಾಣಲಿಲ್ಲ. ಮತ್ತೆ ಗುಂಡಿಯೊಳಗೆ ಇಡೋಣವೆಂದು ಗಿಂಡಿಗೆ ಎರಡು ಕೈ ಚಾಚಿದೆ. ಅವಳು ಅದನ್ನು ಕೊಡದೆ ಒಂದು ಗಳಿಗೆ ಎದೆಗೆ ಒತ್ತಿ ಹಿಡಿದು, ನನ್ನ ಮುಖ ನೋಡಿದಳು. ಆಮೇಲೆ, "ಬೇಡ, ನಾನೇ ಇಡ್ತೀನಿ," ಎಂದಳು.