ಹಿನ್ನೀರ ದಂಡೆಯ ಸುಣ್ಣದ ಗೆರೆ

ಮಾನ್ಯ ಓದುಗರಲ್ಲಿ ಮೊದಲಿಗೇ ಕ್ಷಮೆ ಕೋರುತ್ತೇನೆ. ಸೇವಾವಧಿಯುದ್ದಕ್ಕೂ ನಾನು ಬರೆದದ್ದು ನೀರಿನ ಮಟ್ಟದ ಅಂಕಿಗಳನ್ನು ಮತ್ತು ವರದಿಗಳನ್ನು ಮಾತ್ರ. ನನ್ನ ಕೈಬರಹ ಓರೆ. ಒತ್ತಕ್ಷರಗಳು ಆಗಾಗ ತಪ್ಪುತ್ತವೆ. ಅದನ್ನು ಮನ್ನಿಸಿ, ಕೆಳಗಿನ ಸಂಗತಿಯನ್ನು ಅವಗಾಹನೆಗೆ ತೆಗೆದುಕೊಳ್ಳಬೇಕಾಗಿ ವಿನಂತಿ.

೨೦೦೮ನೇ ಇಸವಿಯಲ್ಲಿ ನಾನು ಸವದತ್ತಿ ತಾಲೂಕಿನಲ್ಲಿ ಮಲಪ್ರಭೆಯ ಹಿನ್ನೀರ ದಂಡೆಯ ಒಂದು ಭಾಗಕ್ಕೆ ವರ್ಕ್ ಇನ್‌ಸ್ಪೆಕ್ಟರ್ ಆಗಿದ್ದೆ. ಪ್ರತಿದಿನ ಬೆಳಿಗ್ಗೆ ಗೇಜ್ ಕಲ್ಲಿನ ಮೇಲೆ ನೀರು ಎಲ್ಲಿಗೆ ಮುಟ್ಟಿದೆಯೆಂದು ನೋಡಿ ಬರೆದಿಡುವುದು ಮತ್ತು ದಂಡೆಯಲ್ಲಿ ಅವಘಡವಾಗದಂತೆ ನೋಡಿಕೊಳ್ಳುವುದು ನನ್ನ ಕರ್ತವ್ಯ. ಆ ವರ್ಷ ಎರಡು ತಂಡಗಳಿಗೆ ಅಲ್ಲಿ ನೀರಾಟದ ಅಭ್ಯಾಸಕ್ಕೆ ಅನುಮತಿ ದೊರೆತಿತ್ತು.

ಒಂದು ತಂಡ ಬೈಲಹೊಂಗಲದ ಕಾಲೇಜೊಂದರ ದೈಹಿಕ ಶಿಕ್ಷಣ ಬೋಧಕಿ ಶ್ರೀಮತಿ ಸುನಂದಾ ಅವರದು. ಅವರ ಐವರು ವಿದ್ಯಾರ್ಥಿನಿಯರು ವಿಂಡ್‌ಸರ್ಫಿಂಗ್ ಕಲಿಯುತ್ತಿದ್ದರು. ಹಲಗೆಯ ಮೇಲೆ ನಿಂತು, ಅದಕ್ಕೇ ಕೂಡಿಸಿದ ಹಾಯಿಯನ್ನು ಕೈಯಲ್ಲಿ ಹಿಡಿದು ಸಾಗುವ ಆಟವದು. ಅಕ್ಟೋಬರ್‌ನಲ್ಲಿ ಅವರಿಗೆ ರಾಜ್ಯ ತಂಡದ ಆಯ್ಕೆ ಇತ್ತು. ಇನ್ನೊಂದು ತಂಡ ರಾಮದುರ್ಗದ ಡೀಸೆಲ್ ಮೆಕ್ಯಾನಿಕ್ ಇಮ್ತಿಯಾಜನದು. ಆತ ಗೋವಾದಲ್ಲಿ ದುಡಿಯುವಾಗ ಕೈಟ್‌ಬೋರ್ಡಿಂಗ್ ಕಲಿತು ಬಂದು ನಾಲ್ವರು ಗೆಳೆಯರಿಗೆ ಕಲಿಸುತ್ತಿದ್ದ. ಇದರಲ್ಲಿ ಕಾಲ ಕೆಳಗೆ ಹಲಗೆ ಇರುತ್ತದೆ, ಎಳೆಯುವುದು ಮಾತ್ರ ಆಕಾಶದಲ್ಲಿರುವ ದೊಡ್ಡ ಪಟ. ಪಟಕ್ಕೂ ಮನುಷ್ಯನಿಗೂ ನಡುವೆ ಇಪ್ಪತ್ತೈದು ಮೀಟರ್ ಉದ್ದದ ದಾರಗಳು.

ಕಲ್ಲುಮುಳ್ಳಿಲ್ಲದೆ ನೀರಿಗಿಳಿಯಲು ಇದ್ದ ಜಾಗ ಒಂದೇ. ಜೂನ್‌ನಲ್ಲಿ ಅದು ವಿಶಾಲವಾಗಿತ್ತು. ನೀರು ಏರುತ್ತ ಏರುತ್ತ, ಆಗಸ್ಟ್ ಕೊನೆಗೆ ನನ್ನ ಹೆಜ್ಜೆಯಲ್ಲಿ ನೂರಿಪ್ಪತ್ತು ಹೆಜ್ಜೆಯಷ್ಟು ಉಳಿಯಿತು.

"ಸಂತ್ಯಾಗ ಸೀರಿ ಹರವಿದಂಗ ಹಾಯಿ ಹರವಿದ್ರ ನಾವು ಎಲ್ಲಿ ನಿಂದ್ರೂದ್ರಿ ಅಕ್ಕಾರ?" ಎಂದು ಇಮ್ತಿಯಾಜ ಕೇಳಿದ.

"ನಿನ್ನ ದಾರ ನಮ್ಮ ಹುಡಿಗ್ಯಾರ ಕುತ್ತಿಗಿಗೆ ಸುತ್ತಿದ್ರ ಏನ್ ಮಾಡ್ಲೋ? ಪಟಾ ಹಾರಸೂದಿದ್ರ ನಿಮ್ಮ ಮಾಳಿಗಿ ಮ್ಯಾಲ ಹಾರಸು," ಎಂದು ಸುನಂದಾ ಅವರು ಉತ್ತರಿಸಿದರು.

ಆಗ ನಾನು ಟೇಪು ತಂದು ಅಳೆದು, ನಟ್ಟನಡುವೆ ಸುಣ್ಣದ ಗೆರೆ ಎಳೆಸಿದೆ. ಇಮ್ತಿಯಾಜನ ಟೆಂಪೋ ಪಶ್ಚಿಮದ ದಾರಿಯಿಂದ ಬರುತ್ತಿತ್ತು. ಆದ್ದರಿಂದ ಪಶ್ಚಿಮದ ಅರ್ಧ ಅವನಿಗೆ, ಪೂರ್ವದ ಅರ್ಧ ಹಾಯಿಯವರಿಗೆ. ಯಾರೂ ತಕರಾರು ಮಾಡಲಿಲ್ಲ. ನ್ಯಾಯ ತೀರಿಸಿದೆನೆಂದು ನಾನು ಹೆಮ್ಮೆಪಟ್ಟಿದ್ದೂ ನಿಜ.

ನಾಲ್ಕನೆಯ ದಿನ ಪಶ್ಚಿಮದ ಗಾಳಿ ಜೋರಾಗಿ ಬೀಸಿ, ಒಂದು ಪಟ ನೆಲಕ್ಕೆ ಬಿತ್ತು. ಬಿದ್ದ ಪಟ ಅಲ್ಲಿಯೇ ನಿಲ್ಲಲಿಲ್ಲ. ಗಾಳಿಯೊಂದಿಗೆ ಉಜ್ಜಿಕೊಂಡು ಗೆರೆ ದಾಟಿ ಹಾಯಿಗಳ ನಡುವೆ ನುಗ್ಗಿತು. ದಾರ ಸುತ್ತಿಕೊಂಡು ಕಾವೇರಿ ಎಂಬ ವಿದ್ಯಾರ್ಥಿನಿಯ ಮುಂಗೈ ಕೊಯ್ದು, ಮೂರು ಹೊಲಿಗೆ ಹಾಕಿಸಬೇಕಾಯಿತು.

ನಮ್ಮ ಇಂಜಿನಿಯರ್ ಸಾಹೇಬರು ನನ್ನನ್ನು ಕರೆಸಿದರು. "ಸೋಮವಾರ ವರದಿ ಕೊಡ್ರಿ. ದಂಡಿ ಬಂದ್ ಮಾಡೂದು ಸೂಕ್ತ ಅಂತ ಬರೀರಿ, ಮುಗೀತು," ಎಂದರು.

ಹಾಗೆ ಬರೆದರೆ ವಿದ್ಯಾರ್ಥಿನಿಯರ ಅಭ್ಯಾಸಕ್ಕೆ ಹತ್ತಿರದಲ್ಲಿ ಬೇರೆ ನೀರಿರಲಿಲ್ಲ. ಆಯ್ಕೆಯ ಆಸೆ ಅಲ್ಲಿಗೇ ಮುಗಿಯುತ್ತಿತ್ತು. ವಿಚಾರಿಸಲು ಹೋದಾಗ ಕಾವೇರಿ ಕಟ್ಟಿದ ಕೈಯನ್ನು ಎತ್ತಿ ತೋರಿಸಿದಳು. "ಸಾಹೇಬ್ರ, ಕೈ ಎಂಟ್ ದಿನದಾಗ ಮಾಯತೈತಿ. ದಂಡಿ ಬಂದ್ ಆದ್ರ ಆ ನೋವು ಮಾಯಂಗಿಲ್ರಿ," ಎಂದಳು. ಗೆರೆ ಎಳೆಸಿದವನು ನಾನು. ಅದು ಏಕೆ ಸೋತಿತೆಂದು ತಿಳಿಯುವವರೆಗೆ ಆ ವಾಕ್ಯ ಬರೆಯುವುದಿಲ್ಲವೆಂದು ನಿಶ್ಚಯಿಸಿದೆ.

ಭಾನುವಾರ ನಮ್ಮೂರು ಹೂಲಿಯಲ್ಲಿ ಅಣ್ಣನ ಹೆಸರುಕಾಳಿನ ರಾಶಿ ಇತ್ತು. ಎರಡು ಮನೆಯವರದು ಒಂದೇ ಕಣ. ನೆರವಾಗೋಣವೆಂದು ನಾನು ಮೊರ ಹಿಡಿದು ಪಶ್ಚಿಮದ ಅಂಚಿಗೆ ನಿಂತಿದ್ದೇ ತಡ, ನಮ್ಮ ವೈನಿ, ಅಂದರೆ ಅತ್ತಿಗೆ, ನಕ್ಕುಬಿಟ್ಟರು.

"ಇನ್‌ಸ್ಪೆಕ್ಟರ್ ಸಾಹೇಬ್ರ, ಗಾಳಿ ಎತ್ತಾಗಿಂದ ಐತಿ ನೋಡ್ರಿ ಮೊದಲ! ಅಲ್ಲಿ ನಿಂತು ತೂರಿದ್ರ ನಮ್ಮ ಹೊಟ್ಟು ಎಲ್ಲಾ ಮಗ್ಗಲದವ್ರ ರಾಶಿ ಮ್ಯಾಲ ಬೀಳತೈತಿ."

"ಹಂಗಾದ್ರ ಕಣಾ ಹೆಂಗ ಹಂಚಕೋತೀರಿ ವೈನಿ?"

"ಕಣಾ ಯಾರ್ ಹಂಚತಾರ? ತೂರಾವ್ರು ಗಾಳಿ ಹೋಗೂ ಮಗ್ಗಲಕ್ಕ, ರಾಶಿ ಹಾಕಿದಾವ್ರು ಗಾಳಿ ಬರೂ ಮಗ್ಗಲಕ್ಕ. ಗಾಳಿ ತಿರುಗಿದ್ರ ನಾವೂ ಮೊರಾ ಎತ್ಕೊಂಡು ತಿರಗತೇವಿ. ಇಷ್ಟೂ ಗೊತ್ತಿಲ್ಲದ ಸರ್ಕಾರಿ ನೌಕರಿ ಹೆಂಗ ಕೊಟ್ರೋ!"

ಇದೇ ಕಣದಲ್ಲಿ ಆಡಿ ಬೆಳೆದವನು ನಾನು. ಆದರೂ ದಂಡೆಯಲ್ಲಿ ನೆಲವನ್ನು ಮಾತ್ರ ಅಳೆದಿದ್ದೆ, ಗಾಳಿಯನ್ನು ಕೇಳಿರಲಿಲ್ಲ. ಹೊರಡುವಾಗ ಒಂದು ಚೀಲ ಹೊಟ್ಟು ಕಟ್ಟಿಸಿಕೊಂಡೆ.

ಸೋಮವಾರ ವರದಿಯ ಬದಲು ಒಂದು ವಾರದ ಅವಧಿ ಕೇಳಿದೆ. "ಬರೂ ಸೋಮವಾರ ನಾನ ಬಂದು ನೋಡತೇನಿ. ಒಂದ ಒಂದು ದಾರ ಯಾರಿಗಾದ್ರೂ ಸುತ್ತಿತಂದ್ರ ದಂಡಿ ಬಂದ್," ಎಂದರು ಸಾಹೇಬರು.

ಸುಣ್ಣದ ಗೆರೆಯನ್ನು ಕಾಲಿನಿಂದ ಅಳಿಸಿದೆ. ಹೊಸ ನಿಯಮ ಇಷ್ಟು: ಬೆಳಿಗ್ಗೆ ಒಂದು ಹಿಡಿ ಹೊಟ್ಟು ಗಾಳಿಗೆ ಬಿಡುವುದು. ಅದು ಹಾರಿಹೋದ ಕಡೆಗೆ ಪಟದವರು, ಗಾಳಿ ಬರುವ ಕಡೆಗೆ ಹಾಯಿಯವರು, ನಡುವಿನ ಇಪ್ಪತ್ತು ಹೆಜ್ಜೆ ಖಾಲಿ. ಗಾಳಿ ತಿರುಗಿದರೆ ಎಲ್ಲರೂ ದಂಡೆಗೆ ಬಂದು ಜಾಗ ಬದಲಿಸಬೇಕು; ಅಲ್ಲಿಯವರೆಗೆ ಯಾರೂ ನೀರಿಗಿಳಿಯತಕ್ಕದ್ದಲ್ಲ. ಆ ವಾರವೆಲ್ಲ ಪಶ್ಚಿಮದ ಗಾಳಿಯೇ ಇದ್ದುದರಿಂದ ಹಾಯಿಯವರು ಪಶ್ಚಿಮಕ್ಕೆ, ಪಟದವರು ಪೂರ್ವಕ್ಕೆ ಇದ್ದರು. ಪಟಗಳು ಎರಡು ಸಲ ಬಿದ್ದವು. ಎರಡು ಸಲವೂ ಉಜ್ಜಿಕೊಂಡು ಹೋದದ್ದು ಖಾಲಿ ದಂಡೆಗೆ.

ಸೋಮವಾರ ಹತ್ತು ಗಂಟೆಗೆ ಸಾಹೇಬರ ಜೀಪು ಬಂತು. ಅದೇ ಹೊತ್ತಿಗೆ ಗಾಳಿ ನಿಂತು, ಆ ಕಾಲಕ್ಕೆ ಅಪರೂಪವಾದ ಮೂಡಗಾಳಿ ಎದ್ದಿತು. ನಾನು ಬಿಟ್ಟ ಹೊಟ್ಟು ಪಶ್ಚಿಮಕ್ಕೆ, ಹರವಿಟ್ಟಿದ್ದ ಐದೂ ಹಾಯಿಗಳ ಮೇಲೆ ಹೋಗಿ ಬಿತ್ತು.

"ಇದನ್ನೆಲ್ಲಾ ಹೊತ್ಕೊಂಡು ಸಾಗಸೂದ್ರಾಗ ಮಧ್ಯಾಹ್ನ ಆಗತೈತ್ರಿ. ಇವತ್ತೊಂದ್ ದಿನ ಹಿಂಗ ಇರ್ಲಿ ಬಿಡ್ರಿ," ಎಂದರು ಸುನಂದಾ ಅವರು.

ಸಾಹೇಬರು ನನ್ನ ಮುಖವನ್ನೇ ನೋಡುತ್ತಿದ್ದರು. "ಇಲ್ರಿ ಅಕ್ಕಾರ, ಆಗಂಗಿಲ್ಲ," ಎಂದೆ.

ಅಷ್ಟರಲ್ಲಿ ಇಮ್ತಿಯಾಜ ತನ್ನ ಪಟ ಮಡಚಿಟ್ಟು ಬಂದು, ಎಲ್ಲಕ್ಕಿಂತ ದೊಡ್ಡ ಹಾಯಿಯನ್ನು ತಲೆಯ ಮೇಲೆ ಹೊತ್ತುಕೊಂಡ. "ನಡೀರಿ ಅಕ್ಕಾರ, ಸಂತಿ ಸೀರಿ ನಾವ ಹೊರತೇವಿ."

"ಹರದೀಯೋ, ಜ್ವಾಕಿ!" ಎಂದು ಅವರು ನಗುತ್ತಲೇ ಬೆನ್ನಹಿಂದೆ ನಡೆದರು. ಅರ್ಧ ಗಂಟೆಯಲ್ಲಿ ದಂಡೆ ಅದಲುಬದಲಾಗಿತ್ತು. ಸಾಹೇಬರು ನನ್ನ ಚೀಲದಿಂದ ಒಂದು ಹಿಡಿ ಹೊಟ್ಟು ತೆಗೆದು, ತಾವೇ ಬಿಟ್ಟು ನೋಡಿ ಜೀಪು ಹತ್ತಿದರು. "ದಂಡೆ ಬಂದ್ ಮಾಡುವ ಅಗತ್ಯ ಕಂಡುಬರುವುದಿಲ್ಲ" ಎಂಬ ನನ್ನ ವರದಿಗೆ ಮರುದಿನ ಅವರ ಸಹಿ ಬಿತ್ತು.

ಅಕ್ಟೋಬರ್‌ನಲ್ಲಿ ಐವರ ಪೈಕಿ ಇಬ್ಬರು ಆಯ್ಕೆಯಾದರು. ಕಾವೇರಿ ಆಗಲಿಲ್ಲ. ಮರುವರ್ಷ ಜೂನ್‌ನಲ್ಲಿ ದಂಡೆಗೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ, "ಹೊಟ್ಟು ತಂದೀರೇನ್ರಿ ಸಾಹೇಬ್ರ?" ಎಂದಳು.

ಸಮನಾಗಿ ಅಳೆದದ್ದೆಲ್ಲ ಸರಿಯಾದ ಪಾಲಲ್ಲ ಎಂಬುದನ್ನು ನೌಕರಿ ನನಗೆ ಕಲಿಸಿದ್ದು ಹೀಗೆ. ನನ್ನ ಗೆರೆ ತಪ್ಪಿದಾಗ ವೈನಿ ತಿದ್ದಿದರು. ಈ ಬರಹದಲ್ಲಿ ತಪ್ಪಿದ್ದಲ್ಲಿ ತಾವೂ ಹಾಗೆಯೇ ಸಂಕೋಚವಿಲ್ಲದೆ ತಿದ್ದಿಕೊಡಬೇಕಾಗಿ ಕೋರುತ್ತೇನೆ.